ಶ್ರುತಿ ತಪ್ಪಿದೆ ಎಂದು ಎಲ್ಲಿ ಹೇಳಬಹುದು? ಹವ್ಯಾಸಿ ಸಂಗೀತಗಾರರ ಆನ್‌ಲೈನ್ ಕೂಟಗಳ ಹೋಲಿಕೆ

ಹಾಡು, ಕೊಳಲು, ಕೀಬೋರ್ಡ್, ಯಾವುದನ್ನೇ ಹವ್ಯಾಸಕ್ಕೆ ಹಿಡಿದವರು ಜೊತೆಗಾರರು ಬೇಕೆನಿಸಿದಾಗ ಈಗ ಮೊಬೈಲನ್ನೇ ಕೈಗೆತ್ತಿಕೊಳ್ಳುತ್ತಾರೆ. ನಾನು ಕೊಳಲು ನುಡಿಸುವವರ ಪೈಕಿ. ವಾಟ್ಸಾಪ್ ಗುಂಪು, ಟೆಲಿಗ್ರಾಂ, ಜೂಮ್ ಬೈಠಕ್ (ವಿಡಿಯೊದಲ್ಲಿ ಸೇರಿ ಹಾಡುವ ಕೂಟ), ದೂರದಲ್ಲಿದ್ದವರು ಒಟ್ಟಿಗೇ ನುಡಿಸಲೆಂದು ಮಾಡಿದ ಜಾಮುಲಸ್, ಕರೋಕೆ ಆ್ಯಪ್, ಎಲ್ಲವನ್ನೂ ಬಳಸಿ ನೋಡಿದ್ದೇನೆ. ಯಾವುದರಲ್ಲಿ ಧ್ವನಿ ಚೆನ್ನಾಗಿ ಕೇಳುತ್ತದೆ ಎಂದು ತೂಗಿ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕುತೂಹಲ ಬೇರೆ. ‘ನಿಮ್ಮ ಶ್ರುತಿ ಸ್ವಲ್ಪ ಇಳಿದಿದೆ’ ಎಂದು ಒಬ್ಬರು ಹೇಳಿ, ಅದನ್ನು ಕೇಳಿಸಿಕೊಂಡವರು ಮುನಿಸಿಕೊಳ್ಳದೆ ಮರುವಾರವೂ ಹಾಡಲು ಬರುವ ಜಾಗ ಇವುಗಳಲ್ಲಿ ಯಾವುದು? ಹೊಗಳಿಕೆ ಎಲ್ಲ ಕಡೆಯೂ ಸಿಗುತ್ತದೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೊದಲು ವಾಟ್ಸಾಪ್. ಎಲ್ಲರೂ ಇರುವುದೇ ಅಲ್ಲಿ, ಅದೇ ಅದರ ಬಲ. ಒಂದು ಗುಂಪಿನಲ್ಲಿ 1,024 ಜನ ಇರಬಹುದು. ಆದರೆ ಹಾಡಿನ ಗುಂಪಿಗೆ ಅದರ ಕಾಲು ಭಾಗವೂ ಹೆಚ್ಚು. ದೊಡ್ಡ ಗುಂಪಿನ ದಿನಚರಿ ಹೀಗಿರುತ್ತದೆ: ಬೆಳಿಗ್ಗೆ ಶುಭೋದಯದ ಹೂವುಗಳು, ಮಧ್ಯಾಹ್ನ ಯಾರೋ ಕಳುಹಿಸಿದ ಯಾವುದೋ ಕಛೇರಿಯ ವಿಡಿಯೊ, ಸಂಜೆಯಾದ ಮೇಲೆ ಹಾಡುಗಳ ಸುರಿಮಳೆ. ಆರು ನಿಮಿಷದ ದೇವರನಾಮ ಹಾಕಿದರೆ ಅರ್ಧ ನಿಮಿಷದೊಳಗೆ ‘ಅದ್ಭುತ ಮೇಡಂ’ ಎಂದು ಬರುತ್ತದೆ. ಮೆಚ್ಚುಗೆ ಬರುವಾಗ ಹಾಡು ಪಲ್ಲವಿಯನ್ನೂ ದಾಟಿರುವುದಿಲ್ಲ. ಇದರ ಹಿಂದೆ ಕಪಟವಿಲ್ಲ. ಮುಂದಿನ ಹಾಡು ತಮ್ಮದೇ ಆಗಿರುವುದರಿಂದ, ಹಿಂದಿನವರಿಗೆ ಚಪ್ಪಾಳೆ ತಟ್ಟದೆ ವೇದಿಕೆ ಹತ್ತುವುದು ಹೇಗೆ ಎಂಬ ಸಂಕೋಚ ಅಷ್ಟೇ. ‘ನಿಮ್ಮದನ್ನು ಹಾಕುವ ಮುನ್ನ ಹಿಂದಿನ ಎರಡು ಹಾಡು ಪೂರ್ತಿ ಕೇಳಿ’ ಎಂಬ ನಿಯಮ ತಂದ ಗುಂಪೊಂದರಲ್ಲಿ ಹಾಡುಗಳು ಕಡಿಮೆಯಾದವು, ಮಾತು ಹೆಚ್ಚಾಯಿತು. ನನಗದು ಲಾಭವೆಂದೇ ಕಂಡಿತು. ಬಿಟ್ಟುಹೋದವರಿಗೆ ಹಾಗೆ ಕಂಡಿರಲಿಕ್ಕಿಲ್ಲ.

ತಿದ್ದುವ ವಿಷಯ ಬಂದರೆ ದೊಡ್ಡ ಗುಂಪಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮೋಹನ ರಾಗದಲ್ಲಿ ಹಾಡಿ ಹಾಕಿದ್ದರು. ಆ ರಾಗದಲ್ಲಿ ಮಧ್ಯಮ (ಮ) ಸ್ವರವೂ ಇಲ್ಲ, ನಿಷಾದವೂ (ನಿ) ಇಲ್ಲ. ಇವರ ಚರಣದಲ್ಲಿ ಮಧ್ಯಮ ಒಂದು ಕಡೆ ಇಣುಕಿತ್ತು. ‘ಸರ್, ಮೋಹನಕ್ಕೆ ಮ ಎಲ್ಲಿಂದ ಬಂತು?’ ಎಂದು ಒಬ್ಬರು ಎಲ್ಲರೆದುರೇ ಬರೆದರು. ಬರೆದದ್ದು ಸರಿಯೇ. ಆದರೆ ದನಿಯಿಲ್ಲದ ಅಕ್ಷರ ಬರೆದವರ ಮುಖಭಾವವನ್ನು ಹೊತ್ತು ತರುವುದಿಲ್ಲ. ಮೇಷ್ಟ್ರು ‘ಧನ್ಯವಾದ’ ಎಂದು ಬರೆದು ಆಮೇಲೆ ಏನನ್ನೂ ಹಾಡಿ ಹಾಕಲಿಲ್ಲ. ಅದೇ ಮಾತನ್ನು ಬೇರೊಂದು ಚಿಕ್ಕ ಗುಂಪಿನಲ್ಲಿ ಇನ್ನೊಬ್ಬರಿಗೆ ಹೇಳಿದ್ದು ಹೀಗೆ: ‘ಎರಡು ನಿಮಿಷ ಹತ್ತನೇ ಸೆಕೆಂಡಿನ ಸಾಲನ್ನು ತಂಬೂರಿ ಇಟ್ಟುಕೊಂಡು ನಿಧಾನವಾಗಿ ಇನ್ನೊಮ್ಮೆ ಹಾಡಿ ನೋಡುತ್ತೀರಾ ಅಕ್ಕ? ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ನನಗೆ ಏನೋ ಸಿಕ್ಕಿಕೊಂಡಂತೆ ಕೇಳಿತು.’ ಬರೆಯದೆ ದನಿಯಲ್ಲೇ ಹೇಳಿ ಕಳುಹಿಸಿದ್ದರು. ಆ ಅಕ್ಕ ಮರುದಿನವೇ ಸರಿಪಡಿಸಿ ಹಾಡಿದರು. ಕ್ಷಣ ಗುರುತಿಸಿ ಹೇಳುವುದು, ಸಾಧ್ಯವಿದ್ದರೆ ಹಾಡಿಯೇ ತೋರಿಸುವುದು, ತೀರ್ಪು ಕೊಡದೆ ತನಗೆ ಹೇಗೆ ಕೇಳಿಸಿತೆಂದಷ್ಟೇ ಹೇಳುವುದು: ವಾಟ್ಸಾಪಿನಲ್ಲಿ ಕೆಲಸ ಮಾಡುವುದು ಇಷ್ಟೇ.

ಹಾಗಾದರೆ ಎಲ್ಲವನ್ನೂ ಖಾಸಗಿಯಾಗಿ ಹೇಳಬಹುದಲ್ಲ ಎಂದರೆ, ಅಲ್ಲಿ ಬೇರೆ ತೊಡಕಿದೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಹಾಡುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ‘ನಿಮ್ಮ ಹಾಡಿನ ಬಗ್ಗೆ ಒಂದು ಮಾತು’ ಎಂದು ರಾತ್ರಿ ಹತ್ತರ ಮೇಲೆ ಬರುವ ಸಂದೇಶಗಳಲ್ಲಿ ಹಾಡಿನ ಬಗ್ಗೆ ಎಷ್ಟಿರುತ್ತದೆ ಎಂದು ಅವರೇ ಹೇಳುತ್ತಾರೆ. ತಪ್ಪನ್ನು ಎಲ್ಲರೆದುರು ಎತ್ತಿ ಆಡಬಾರದು ಎಂಬುದೂ ಮರ್ಯಾದೆ, ಕೇಳದೆ ಖಾಸಗಿ ಸಂದೇಶ ಕಳುಹಿಸಬಾರದು ಎಂಬುದೂ ಮರ್ಯಾದೆ. ಎರಡನ್ನೂ ಪಾಲಿಸಿದರೆ ತಿದ್ದುವುದಕ್ಕೆ ದಾರಿಯೇ ಉಳಿಯುವುದಿಲ್ಲ. ಈ ಗಂಟನ್ನು ಬಿಡಿಸಿದ್ದು ಒಂದು ಸಣ್ಣ ಉಪಾಯ: ಹಾಡು ಹಾಕುವವರೇ ಮೇಲೆ ‘ತಿದ್ದಿ’ ಅಥವಾ ‘ಕೇಳಿದರೆ ಸಾಕು’ ಎಂದು ಬರೆಯಬೇಕು. ಬರೆಯದಿದ್ದರೆ ‘ಕೇಳಿದರೆ ಸಾಕು’ ಎಂದೇ ಅರ್ಥ. ಹಾಡಿನ ಮೇಲೆ ಬರೆಯುವ ಶ್ರುತಿ, ರಾಗ, ತಾಳದ ಜೊತೆಗೆ ಆ ಒಂದು ಮಾತೂ ಸೇರಿದ ಮೇಲೆ ಚಿಕ್ಕ ಗುಂಪಿನಲ್ಲಿ ಜಗಳ ಬಹುಮಟ್ಟಿಗೆ ನಿಂತಿತು.

ಪದ್ಧತಿ ಯಾವುದೆಂದು ಹೇಳುವುದೂ ನಮ್ಮ ರಾಜ್ಯದವರಿಗೆ ಅಗತ್ಯ. ಧಾರವಾಡದ ಕಡೆಯವರು ಹಿಂದೂಸ್ತಾನಿ, ಮೈಸೂರಿನ ಕಡೆಯವರು ಕರ್ನಾಟಕ ಸಂಗೀತ, ಇಬ್ಬರೂ ಒಂದೇ ಗುಂಪಿನಲ್ಲಿ. ಹುಬ್ಬಳ್ಳಿಯಿಂದ ಒಬ್ಬರು ‘ತೋಡಿ’ ರಾಗ ಎಂದು ಹಾಕಿದರೆ ಮೈಸೂರಿನ ಈ ಕಡೆಯವರ ಕಿವಿಗೆ ಅದು ತಮ್ಮ ಶುಭಪಂತುವರಾಳಿ ರಾಗದಂತೆ ಕೇಳುತ್ತದೆ. ಈ ಕಡೆಯ ತೋಡಿಯ ಸ್ವರಗಳು ಅವರಿಗೆ ಭೈರವಿಯವು. ಇದು ತಿಳಿಯದ ಉತ್ಸಾಹಿಯೊಬ್ಬ ತಿದ್ದಲು ಹೊರಟರೆ ಸಂಜೆಯೆಲ್ಲ ವಾಗ್ವಾದ, ಇಬ್ಬರೂ ಸರಿ. ಇಂಥ ಜಗಳಗಳಲ್ಲಿ ನಾನು ಕಲಿತಷ್ಟು ಪಾಠದಲ್ಲಿ ಕಲಿತಿಲ್ಲ ಎಂಬುದನ್ನೂ ಸೇರಿಸಬೇಕು.

ಧ್ವನಿಯ ಬಗ್ಗೆ ಒಂದೇ ಮಾತು. ವಾಟ್ಸಾಪಿನ ಧ್ವನಿ ಸಂದೇಶ ಮಾತಿಗೆಂದು ಮಾಡಿದ್ದು, ಸಂಗೀತವನ್ನು ಅದು ಹಿಂಡಿ ಸಣ್ಣದು ಮಾಡುತ್ತದೆ. ಬೇರೆಡೆ ರೆಕಾರ್ಡ್ ಮಾಡಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಕಡತ ಇದ್ದ ಹಾಗೆಯೇ ತಲುಪುತ್ತದೆ. ಧ್ವನಿ ಸಂದೇಶವನ್ನು ಕೇಳಿ ಯಾರ ಗಮಕವನ್ನೂ (ಸ್ವರವನ್ನು ಅಲುಗಿಸುವ ಬಗೆಯನ್ನು) ಟೀಕಿಸಬಾರದು.

ಟೆಲಿಗ್ರಾಂ ಹಲವು ವಿಷಯಗಳಲ್ಲಿ ಇದಕ್ಕಿಂತ ಮೇಲು. ಫೋನ್ ನಂಬರನ್ನು ಮುಚ್ಚಿಟ್ಟುಕೊಳ್ಳಬಹುದು. ಹಳೆಯ ಹಾಡುಗಳನ್ನೂ ಚರ್ಚೆಗಳನ್ನೂ ಹೊಸದಾಗಿ ಬಂದವರಿಗೆ ಕಾಣುವಂತೆ ಇಡಬಹುದು, ಹಾಗಾಗಿ ‘ಈ ರಾಗದ ಆರೋಹಣ ಹೇಳಿ’ ಎಂಬ ಪ್ರಶ್ನೆ ವಾರಕ್ಕೊಮ್ಮೆ ಮರಳುವುದಿಲ್ಲ. ನಾನು ಕಂಡ ಗುಂಪಿನಲ್ಲಿ ಹೆಣ್ಣುಮಕ್ಕಳು ಹೆಚ್ಚು ನಿರಾಳವಾಗಿ ಹಾಡಿದ್ದೂ ಅಲ್ಲೇ. ಕೊರತೆ ಒಂದೇ: ನಮ್ಮ ಹಿರಿಯರು ಅಲ್ಲಿಗೆ ಬರುವುದಿಲ್ಲ. ‘ಇನ್ನೊಂದು ಆ್ಯಪ್ ಬೇಡ ಮಾರಾಯರೇ’ ಎಂದು ಕೈಮುಗಿಯುತ್ತಾರೆ. ಅವರಿಲ್ಲದಿದ್ದರೆ ಪಾಠಾಂತರ, ಅಂದರೆ ಒಂದೊಂದು ಪರಂಪರೆ ಅದೇ ಹಾಡನ್ನು ಹಾಡುವ ಬಗೆ, ಹೇಳುವವರೂ ಇಲ್ಲ.

ಕರೋಕೆ ಆ್ಯಪ್‌ಗಳ ವಿಷಯ ಬೇಗ ಮುಗಿಯುತ್ತದೆ. ಒಬ್ಬರು ಅರ್ಧ ಹಾಡಿ ಬಿಡುತ್ತಾರೆ, ಮತ್ತೊಬ್ಬರು ತಮ್ಮ ಬಿಡುವಿನಲ್ಲಿ ಉಳಿದರ್ಧ ಸೇರಿಸುತ್ತಾರೆ. ನಾನು ನಿಮ್ಮದಕ್ಕೆ ದನಿಗೂಡಿಸಿದರೆ ನೀವು ನನ್ನದಕ್ಕೆ ದನಿಗೂಡಿಸಬೇಕು ಎಂಬ ಮುಯ್ಯಿಯ ಲೆಕ್ಕದ ಮೇಲೆ ಅಲ್ಲಿನ ಸೌಜನ್ಯವೆಲ್ಲ ನಿಂತಿದೆ. ಯಾರೂ ಯಾರನ್ನೂ ತಿದ್ದುವುದಿಲ್ಲ. ನನ್ನ ಅಳತೆಯಲ್ಲಿ ಇದಕ್ಕೆ ಸೊನ್ನೆ. ಆದರೂ ಮನೆಯವರೆದುರೂ ಬಾಯಿಬಿಡದ ಒಬ್ಬ ಗೆಳೆಯ ಅಲ್ಲಿ ಧಾರಾಳವಾಗಿ ಹಾಡುತ್ತಾನೆ, ಆ ಕಾರಣಕ್ಕೆ ಇದನ್ನು ಬೈಯಲು ನನಗೆ ಮನಸ್ಸಿಲ್ಲ.

ಜೂಮ್ ಬೈಠಕ್ಕಿನ ಮರ್ಯಾದೆ ಪೂರಾ ಬೇರೆ. ಅಲ್ಲಿ ಕೇಳಿಸಿಕೊಂಡ ಹಾಗೆ ನಟಿಸುವುದು ಕಷ್ಟ, ಮುಖ ಕಾಣುತ್ತದೆ. ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿತವಾಗುತ್ತದೆ. ಮೊದಮೊದಲು ಇದು ಪೀಡೆ ಎನಿಸಿತ್ತು, ಈಗ ವರವೇ ಅನ್ನುತ್ತೇನೆ. ನಾಲ್ವರಿಗೆ ತಲಾ ಏಳು ನಿಮಿಷ ಕೊಟ್ಟರೆ ಮಾತಿಗೆ ಹನ್ನೆರಡು ನಿಮಿಷ ಉಳಿಯುತ್ತದೆ. ಇಪ್ಪತ್ತು ನಿಮಿಷ ರಾಗಾಲಾಪನೆ ಮಾಡಿ ಎಲ್ಲರ ಸಮಯ ನುಂಗುವವರಿಗೆ ‘ಸಾಕು’ ಎಂದು ಹೇಳುವ ನಿಷ್ಠುರ ಯಂತ್ರದ ಪಾಲಿಗೆ ಹೋಗುತ್ತದೆ.

ಸಿದ್ಧತೆ ಮಾತ್ರ ಬೇಕು. ಜೂಮ್ ಮಾತಿಗೆಂದು ಹುಟ್ಟಿದ್ದರಿಂದ ಒಂದೇ ಸಮನೆ ಕೇಳುವ ಸದ್ದನ್ನು ಫ್ಯಾನಿನ ಗದ್ದಲ ಎಂದು ತಿಳಿದು ಕತ್ತರಿಸುತ್ತದೆ. ತಂಬೂರಿ ಹೋಗುತ್ತದೆ, ಕೊಳಲಿನ ಉದ್ದನೆಯ ಷಡ್ಜವೂ ಅರ್ಧದಲ್ಲಿ ಕರಗಬಹುದು. ಆಡಿಯೊ ಸೆಟ್ಟಿಂಗ್‌ನಲ್ಲಿರುವ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬುದನ್ನು ಹಾಡುವವರು ಚಾಲೂ ಮಾಡಿಕೊಳ್ಳಬೇಕು. ಇದನ್ನು ಎಲ್ಲರೂ ಕೂಡುವ ಮೊದಲೇ ನೋಡಿಕೊಳ್ಳುವುದು ಸೌಜನ್ಯದ ಮೊದಲ ಪಾಠ. ಏಳು ನಿಮಿಷದಲ್ಲಿ ಮೂರು ನಿಮಿಷ ‘ನನ್ನ ದನಿ ಕೇಳುತ್ತಿದೆಯೇ?’ ಎಂದೇ ಕಳೆದವರನ್ನು ನೋಡಿದ್ದೇವೆ.

ಇನ್ನು ತಾಳ. ನಮ್ಮ ಶ್ರೋತೃಗಳಿಗೆ ಕೈ ಸುಮ್ಮನಿರುವುದಿಲ್ಲ. ಆದಿತಾಳದ ಎಂಟು ಅಕ್ಷರಗಳು, ಅಂದರೆ ಎಂಟು ಎಣಿಕೆಗಳು, ಪರದೆಯ ಒಂದೊಂದು ಚೌಕದಲ್ಲಿ ಒಂದೊಂದು ಹೊತ್ತಿಗೆ ಬೀಳುತ್ತವೆ, ಏಕೆಂದರೆ ಹಾಡು ಪ್ರತಿಯೊಬ್ಬರನ್ನೂ ಬೇರೆ ಬೇರೆ ಕ್ಷಣಕ್ಕೆ ತಲುಪುತ್ತದೆ. ಅದನ್ನು ನೋಡುತ್ತ ಹಾಡಿದರೆ ಕಾಲಪ್ರಮಾಣ (ಹಾಡಿನ ವೇಗ) ಕೆಟ್ಟಿತೆಂದೇ ಲೆಕ್ಕ. ಹಾಡುವವರು ಕಣ್ಣು ಮುಚ್ಚಬೇಕು, ಇಲ್ಲವೇ ಕೇಳುವವರು ಕೈಯನ್ನು ಕ್ಯಾಮೆರಾದ ಕೆಳಗೆ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಎರಡನೆಯದು ರೂಢಿಯಾಗಿದೆ. ಎಲ್ಲರನ್ನೂ ಮ್ಯೂಟ್ ಮಾಡಿದರೆ ಇನ್ನೊಂದು ಸಂಕಟ: ಒಳ್ಳೆಯ ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಬೆಳೆಸುವುದು) ಹಾಡಿದಾಗ ‘ಭೇಷ್’ ಎನ್ನುವ ದನಿ ಇಲ್ಲ, ‘ಕ್ಯಾ ಬಾತ್’ ಇಲ್ಲ. ಹಾಡುಗಾರರಿಗೆ ಬಾವಿಯೊಳಗೆ ಹಾಡಿದಂತಾಗುತ್ತದೆ. ಅದಕ್ಕೇ ಪ್ರತಿ ಸಲ ಇಬ್ಬರಿಗೆ ಮೈಕ್ ತೆರೆದಿಡುವ ಹೊಣೆ ಕೊಡುತ್ತೇವೆ. ಅವರು ಹೆಡ್‌ಫೋನ್ ಹಾಕಿರಬೇಕು, ಕುಕ್ಕರ್ ಇರುವ ಕೋಣೆಯಲ್ಲಿ ಕೂರಬಾರದು.

ತಿದ್ದುವುದು ಇಲ್ಲಿ ಸುಲಭ ಎಂಬುದೇ ನನ್ನ ಮುಖ್ಯ ಶೋಧನೆ. ‘ಆ ಕಾಕಲಿ ನಿಷಾದ (ಮೇಲಿನ ನಿ) ಇನ್ನೊಂದು ಸಲ ಹಾಡಿ ಅಣ್ಣ’ ಎಂದು ನಗುತ್ತ ಕೇಳಿದರೆ ಅವರೂ ನಗುತ್ತ ಹಾಡುತ್ತಾರೆ, ಎರಡನೇ ಸಲಕ್ಕೆ ತಾನಾಗಿಯೇ ಸರಿಹೋಗಿರುತ್ತದೆ. ಅದೇ ಸಾಲು ಬರಹವಾಗಿ ಮೊಬೈಲಿಗೆ ಬಂದಿದ್ದರೆ ಒಂದು ವಾರದ ಮುನಿಸು ಖಾತ್ರಿ. ಸಭೆಯನ್ನು ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಬೇಕು, ಕೇಳಿದರೂ ಹೊರಗೆ ಹಂಚಬಾರದು. ಇಷ್ಟು ಭದ್ರತೆ ಇದ್ದರೆ ಜನ ತಮಗೆ ಬಾರದ ರಾಗವನ್ನೂ ಹಾಡಿ ನೋಡುತ್ತಾರೆ.

ಜಾಮುಲಸ್ ಗೊತ್ತಿಲ್ಲದವರಿಗೆ: ಇದು ವೋಲ್ಕರ್ ಫಿಶರ್ ಎಂಬವರು 2006ರಲ್ಲಿ ಆರಂಭಿಸಿದ ಉಚಿತ, ಮುಕ್ತ ತಂತ್ರಾಂಶ. ಜೂಮ್‌ನಲ್ಲಿ ಇಬ್ಬರು ಒಟ್ಟಿಗೆ ಹಾಡಲಾಗುವುದಿಲ್ಲ, ಇಲ್ಲಿ ಹಾಡಬಹುದು, ಷರತ್ತುಗಳಿವೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮೀಟರ್ ದೂರ ಕೂತ ಮೃದಂಗದವರ ಪೆಟ್ಟು ನಿಮ್ಮ ಕಿವಿಗೆ ಬೀಳಲು 29 ಮಿಲಿಸೆಕೆಂಡ್ ಬೇಕು. ಅಂತರ್ಜಾಲದಲ್ಲಿ ದನಿ ಬರುವುದು ಅದಕ್ಕಿಂತ ಹೆಚ್ಚು ತಡವಾದರೆ ಲಯ ಹಿಡಿದಿಡುವುದು ಕಷ್ಟ. ಆದ್ದರಿಂದ ವೈಫೈ ಬಿಟ್ಟು ಲ್ಯಾನ್ ತಂತಿ, ಸ್ಪೀಕರ್ ಬಿಟ್ಟು ಹೆಡ್‌ಫೋನ್, ಹತ್ತಿರದ ಸರ್ವರ್. ಮೈಸೂರು ಮತ್ತು ಬೆಂಗಳೂರಿನವರು ಸೇರಿ ನುಡಿಸಬಹುದು. ಇಬ್ಬರೂ ಯುರೋಪಿನ ಸರ್ವರಿಗೆ ಹೋಗಿ ಸೇರಿದರೆ ಪಕ್ಕದ ಬೀದಿಯವರಾದರೂ ತಾಳ ಕೂಡುವುದಿಲ್ಲ. ಇನ್ನೊಂದು ಪಾಠ: ನಿಮ್ಮ ವಾದ್ಯದ ನೇರ ದನಿಗೆ ಕಿವಿಗೊಡಬಾರದು, ಸರ್ವರಿನಿಂದ ಮರಳಿ ಬರುವ ನಿಮ್ಮದೇ ದನಿಗೆ ಹೊಂದಿಕೊಂಡು ನುಡಿಸಬೇಕು. ಕೀಬೋರ್ಡಿನವರಿಗೆ ಇದು ಸಲೀಸು. ಹಾಡುವವರಿಗೂ ಕೊಳಲಿನವರಿಗೂ ತಮ್ಮ ದನಿ ತಲೆಯೊಳಗೇ ಮೊಳಗುವುದರಿಂದ ಹಿಂಸೆ.

ಇಲ್ಲಿ ಮಾತು ಕಡಿಮೆ, ಮರ್ಯಾದೆ ಸೂಕ್ಷ್ಮ. ಸೇರಿದ ಕೂಡಲೇ ನುಡಿಸದೆ ಚಾಟ್‌ನಲ್ಲಿ ನಮಸ್ಕಾರ ಹೇಳಿ, ನಡೆಯುತ್ತಿರುವುದು ಮುಗಿಯುವ ತನಕ ಕಾಯಬೇಕು. ಶ್ರುತಿ ಮಾಡಿಕೊಳ್ಳುವಾಗ ನಿಮ್ಮನ್ನು ನೀವೇ ಮ್ಯೂಟ್ ಮಾಡಿಕೊಳ್ಳಬೇಕು. ತಂಬೂರಿ ಒಬ್ಬರದೇ ಇರಬೇಕು. ಮೂವರು ಮೂರು ಆ್ಯಪ್ ಹಾಕಿದರೆ ಕೂದಲೆಳೆಯ ವ್ಯತ್ಯಾಸಕ್ಕೇ ಶ್ರುತಿ ಅಲೆಯತೊಡಗುತ್ತದೆ. ಪ್ರತಿಯೊಬ್ಬರ ದನಿಗೂ ನಿಮ್ಮ ಪರದೆಯಲ್ಲಿ ಒಂದು ಫೇಡರ್ (ದನಿ ಏರಿಸಿ ಇಳಿಸುವ ಪಟ್ಟಿ) ಇರುತ್ತದೆ. ಯಾರದಾದರೂ ಕೇಳಲಾಗದಿದ್ದರೆ ಅದನ್ನು ಕೆಳಗಿಳಿಸಿ, ಮ್ಯೂಟ್ ಒತ್ತಬೇಡಿ. ಮ್ಯೂಟ್ ಒತ್ತಿದರೆ ಅವರ ಪರದೆಯಲ್ಲಿ ಗುರುತು ಮೂಡುತ್ತದೆ, ಫೇಡರನ್ನು ಪೂರ್ತಿ ಸೊನ್ನೆಗೆ ತರದೆ ಇಳಿಸಿದರೆ ಮೂಡುವುದಿಲ್ಲ. ತಿದ್ದುವ ಮಾತಂತೂ ಬೇಕಾಗುವುದೇ ಅಪರೂಪ. ಎತ್ತುಗಡೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ತಪ್ಪಿದರೆ ಎಲ್ಲರ ಕಿವಿಗೂ ಒಟ್ಟಿಗೇ ಬೀಳುತ್ತದೆ, ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ. ಸ್ನೇಹ ಬೆಳೆಯುತ್ತದೆಯೇ? ಬೆಳೆಯುತ್ತದೆ, ಆದರೆ ಎದುರಿನವರಿಗೆ ಎಷ್ಟು ಮಕ್ಕಳು ಎಂದು ವರ್ಷವಾದರೂ ಗೊತ್ತಾಗುವುದಿಲ್ಲ.

ನನ್ನ ಓಟು ತಿಂಗಳಿಗೊಮ್ಮೆಯ ಜೂಮ್ ಬೈಠಕ್ಕಿಗೆ, ಅದರ ಬೆನ್ನಿಗೆ ಅದೇ ಜನರ ಚಿಕ್ಕ ವಾಟ್ಸಾಪ್ ಗುಂಪಿಗೆ. ಈ ಕ್ರಮ ಮುಖ್ಯ. ಮುಖ ನೋಡಿ ನಕ್ಕವರ ಬರಹವನ್ನು ಜನ ಆಮೇಲೆ ಅದೇ ನಗುವಿನೊಂದಿಗೆ ಓದುತ್ತಾರೆ. ಮೊದಲು ಗುಂಪು ಕಟ್ಟಿ ಆಮೇಲೆ ಜೂಮ್‌ಗೆ ಕರೆದ ಕಡೆ ಬಂದವರು ಬೆರಳೆಣಿಕೆಯಷ್ಟು. ಜಾಮುಲಸ್ ಲ್ಯಾನ್ ತಂತಿ ಎಳೆಯುವ ತಾಳ್ಮೆ ಇದ್ದವರಿಗೆ, ಲಯದ ಅಭ್ಯಾಸಕ್ಕೆ.

ನಮ್ಮ ಬೈಠಕ್ ರಾತ್ರಿ ಎಂಟಕ್ಕೆ. ನ್ಯೂಜೆರ್ಸಿಯಲ್ಲಿರುವ ಸದಸ್ಯರಿಗೆ ಬೇಸಿಗೆಯಲ್ಲಿ ಅದು ಬೆಳಗಿನ ಹತ್ತೂವರೆ, ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಹಿಂದೆ ಸರಿದ ಮೇಲೆ ಒಂಬತ್ತೂವರೆ. ಮಕ್ಕಳನ್ನು ಭಾನುವಾರದ ಕನ್ನಡ ಪಾಠಕ್ಕೆ ಬಿಟ್ಟು ಬರುವ ಹೊತ್ತದು, ಚಳಿಗಾಲದಲ್ಲಿ ಒಂಬತ್ತಕ್ಕೆ ಶುರು ಮಾಡಿ ಎನ್ನುತ್ತಾರೆ ಅವರು. ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ ಎನ್ನುತ್ತಾರೆ ದಾವಣಗೆರೆಯ ತಬಲಾದವರು. ಈ ಸಲವೂ ಚರ್ಚೆ ನಡೆದಿದೆ.