ವೆಟ್ಟನ್, ಸ್ಕ್ವೈರ್, ಗೆಡ್ಡಿ ಲೀ: ತಪ್ಪು ಬೇಸ್ ಗಿಟಾರ್ ಕೊಂಡವನ ಹೋಲಿಕೆ

ಬೇಸ್ (ದಪ್ಪ ತಂತಿಯ, ತಗ್ಗು ದನಿಯ ಗಿಟಾರ್) ಕಲಿಯುವವನು ಈ ಮೂವರು ರಾಕ್ ವಾದಕರಲ್ಲಿ ಯಾರಿಂದ ಶುರುಮಾಡಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಜಾನ್ ವೆಟ್ಟನ್‌ಗೆ. 1972ರಿಂದ 1974ರವರೆಗೆ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡದಲ್ಲಿ ಬೇಸ್ ನುಡಿಸುತ್ತಲೇ ಹಾಡಿದ ವೆಟ್ಟನ್‌ಗೆ. ಈ ಮಾತನ್ನು ಧೈರ್ಯವಾಗಿ ಹೇಳುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು, ಒಂದು ಗಿಟಾರನ್ನು ನಷ್ಟಕ್ಕೆ ಮಾರಿಯಾಗಿತ್ತು.

ಆ ಗಿಟಾರ್ ಕೊಂಡದ್ದು ಕ್ರಿಸ್ ಸ್ಕ್ವೈರ್ ಕಾರಣದಿಂದ. ಅವನಿದ್ದ ಯೆಸ್ ತಂಡದ 'ರೌಂಡಬೌಟ್' (1971) ಹಾಡು ಕೇಳಿದವರಿಗೆ ಗೊತ್ತು: ಬೇಸ್ ಶುರುವಾದ ಕೂಡಲೇ ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ. ಲೋಹದ ಖಣಿಖಣಿ ಮೇಲೆ, ಗುಡುಗು ಕೆಳಗೆ. ಆ ದನಿ ರಿಕನ್‌ಬ್ಯಾಕರ್ ಗಿಟಾರಿನದು ಎಂದು ಓದಿದೆ. ಅಸಲಿ ರಿಕನ್‌ಬ್ಯಾಕರ್ ಕೊಳ್ಳಲು ನನ್ನ ಹತ್ತಿರ ದುಡ್ಡಿಲ್ಲ. ಅದೇ ಆಕಾರದ, ತಲೆಯ ಮೇಲೆ ಹೆಸರೂ ಇಲ್ಲದ ಒಂದು ನಕಲು ಸೆಕೆಂಡ್ ಹ್ಯಾಂಡ್‌ನಲ್ಲಿ 16 ಸಾವಿರಕ್ಕೆ ಸಿಕ್ಕಿತು. ಮಾರಿದವರ ಮನೆಯಲ್ಲಿ ಐದು ನಿಮಿಷ ನಿಂತುಕೊಂಡು ನುಡಿಸಿ ನೋಡಿದೆ. ಕೂತು ನುಡಿಸಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಮನೆಯಲ್ಲಿ ಕೂತು ನುಡಿಸಿದಾಗ ತೊಂದರೆ ಶುರುವಾಯಿತು. ಬಲಗೈ ಮುಂದೋಳು ಬಂದು ಕೂರುವ ಕಡೆ ಆ ಗಿಟಾರಿನ ಅಂಚು ನೇರವಾಗಿ, ಚೂಪಾಗಿತ್ತು, ಸುತ್ತ ಬಿಳಿ ಪಟ್ಟಿ ಬೇರೆ. ಅರ್ಧ ಗಂಟೆ ನುಡಿಸಿದರೆ ತೋಳಿನ ಮೇಲೆ ಕೆಂಪು ಗೆರೆ, ಮುಕ್ಕಾಲು ಗಂಟೆಗೆ ಕಿರುಬೆರಳು ಜೋಮು. ಬಟ್ಟೆ ಸುತ್ತಿ ನೋಡಿದೆ, ಜಾರುತ್ತಿತ್ತು. ತುಂಬುತೋಳಿನ ಅಂಗಿ ಹಾಕಿಕೊಂಡು ಕೂತೆ, ಏಪ್ರಿಲ್ ತಿಂಗಳಲ್ಲಿ ಅದೂ ಆಗದು.

ಇನ್ನೊಂದು ಕಿರಿಕಿರಿ, ಬ್ರಿಜ್ (ತಂತಿಗಳ ಕೆಳತುದಿ ಕೂರುವ ಭಾಗ) ಪಕ್ಕದ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲಿದ್ದ ಲೋಹದ ಮುಚ್ಚಳ. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದರೆ ಹೇಗೋ ನಿಭಾಯಿಸಬಹುದು. ನಾನು ಬೆರಳಲ್ಲಿ ಮೀಟುವವನು, ನನ್ನ ಕೈಗೆ ಸರಿಹೋಗುವ ಜಾಗದಲ್ಲೇ ಅದು ಕೂತಿತ್ತು. ರಿಪೇರಿ ಮಾಡುವವರ ಹತ್ತಿರ ಒಯ್ದೆ. "ತೆಗೆದುಬಿಡೋಣ ಸರ್, ಎಷ್ಟೋ ಜನ ತೆಗೆಸಿಕೊಂಡೇ ನುಡಿಸ್ತಾರೆ" ಅಂದರು. ತೆಗೆದರೆ ಒಳಗೆ ಪಿಕಪ್ ಸುತ್ತ ಗುಂಡಿ, ಗುಂಡಿಯ ಅಂಚಿಗೆ ಸ್ಕ್ರೂ ತಲೆಗಳು. ಈಗ ತೋಳಿನ ಜೊತೆ ಬೆರಳಿಗೂ ಗಾಯ. ಗುಂಡಿಗೆ ಪ್ಲಾಸ್ಟಿಕ್ ಪಟ್ಟಿ ಕೂರಿಸಿದರು, ಅದು ತಂತಿ ಮೀಟಿದಾಗಲೆಲ್ಲ ಜುಯ್ ಎನ್ನತೊಡಗಿತು. ಹೀಗೇ ನಾಲ್ಕು ತಿಂಗಳು ಕಳೆದವು. ಆ ನಾಲ್ಕು ತಿಂಗಳಲ್ಲಿ ನಾನು ಕಲಿತ ಸಂಗೀತ ಬಹಳ ಕಡಿಮೆ.

ಕಡೆಗೂ ಸ್ಕ್ವೈರ್‌ನ ಆ ದನಿ ಬಂತೇ ಎಂದರೆ, ಇಲ್ಲ. ಸ್ಕ್ವೈರ್ ತನ್ನ ಗಿಟಾರಿನ ಎರಡು ಪಿಕಪ್‌ಗಳ ದನಿ ಬೇರೆಬೇರೆಯಾಗಿ ಹೊರಗೆ ಬರುವಂತೆ ವೈರಿಂಗ್ ಬದಲಿಸಿಕೊಂಡಿದ್ದ. ಪಿಕ್ ಹಿಡಿಯುವಾಗ ಹೆಬ್ಬೆರಳಿನ ತುದಿಯೂ ತಂತಿಗೆ ತಗಲುವಂತೆ ಹಿಡಿಯುತ್ತಿದ್ದ. 'ರೌಂಡಬೌಟ್'ನಲ್ಲಿ ಅದೇ ಸಾಲನ್ನು ಒಂದು ಆಕ್ಟೇವ್ (ಸ್ಥಾಯಿ) ಮೇಲೆ ಎಲೆಕ್ಟ್ರಿಕ್ ಗಿಟಾರಿನಲ್ಲೂ ನುಡಿಸಿ ಬೇಸ್ ಮೇಲೆ ಕೂರಿಸಿದ್ದಾನೆ. ಅಂದರೆ ನಾನು ಬೆನ್ನಟ್ಟಿದ ದನಿ ಒಂದೇ ವಾದ್ಯದ್ದಲ್ಲ. ಆ ಹೊಳಪಿಗೆ ತಂತಿಗಳೂ ಹೊಸದಾಗಿರಬೇಕು. ನನ್ನ ಬೆವರಿಗೆ ಮೂರು ವಾರದಲ್ಲಿ ತಂತಿ ಮಂಕಾಗುತ್ತದೆ, ಒಂದು ಸೆಟ್‌ಗೆ ಎರಡು ಸಾವಿರದ ಮೇಲೆ.

ಸ್ಕ್ವೈರ್ ಮೇಲೆ ನನಗೆ ಕೋಪವಿಲ್ಲ. ಬಾಲ್ಯದಲ್ಲಿ ಚರ್ಚಿನಲ್ಲಿ ಗುಂಪುಗಾನ ಹಾಡಿದವನು ಅವನು, ಅದಕ್ಕೇ ಅವನ ಬೇಸ್ ಇನ್ನೊಂದು ಕಂಠದ ಹಾಗೆ ಹಾಡುತ್ತದೆ. 2015ರ ಜೂನ್‌ನಲ್ಲಿ ಅವನು ತೀರಿಕೊಂಡ ಸುದ್ದಿ ಬಂದ ದಿನ ಯೆಸ್‌ನ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್ ಪೂರ್ತಿ ಎರಡು ಸಲ ಕೇಳಿದ್ದೆ.

ಗೆಡ್ಡಿ ಲೀ ವಿಷಯ ಬೇಗ ಮುಗಿಸುತ್ತೇನೆ. ಕೆನಡಾದ ರಶ್ ತಂಡದಲ್ಲಿ ಅವನು ಬೇಸ್ ನುಡಿಸುತ್ತಾನೆ, ಹಾಡುತ್ತಾನೆ, ಕೀಬೋರ್ಡ್ ನುಡಿಸುತ್ತಾನೆ, ಕಾಲಲ್ಲಿ ಬೇಸ್ ಪೆಡಲ್ ಬೇರೆ ಒತ್ತುತ್ತಾನೆ. ನನ್ನಂತೆ ಬೆರಳಲ್ಲಿ ಮೀಟುವವನಾದ್ದರಿಂದ ಇವನೇ ನನಗೆ ಹತ್ತಿರವಾಗಬೇಕಿತ್ತು. 1981ರ 'ವೈ ವೈ ಝೆಡ್' ಕಲಿಯಲು ಕೂತೆ. ಟೊರಾಂಟೊ ವಿಮಾನ ನಿಲ್ದಾಣದ ಕೋಡ್ ಅದು, ಅದರ ಮೋರ್ಸ್ ಸಂಕೇತವೇ ಶುರುವಿನ ಲಯ. ಸಂಕೇತದ ಗೆರೆಗೆ ಎರಡು ಎಣಿಕೆ, ಚುಕ್ಕೆಗೆ ಒಂದು ಎಂದು ಹಿಡಿದರೆ ಮೂರು ಅಕ್ಷರಗಳಿಗೆ ಏಳು, ಏಳು, ಆರು, ಒಟ್ಟು ಇಪ್ಪತ್ತು. ಐದೆಣಿಕೆಯ ಖಂಡ ಛಾಪು ತಾಳದ ನಾಲ್ಕು ಆವರ್ತಕ್ಕೆ ಸರಿಯಾಗಿ ಕೂರುತ್ತದೆ! ಇದು ಹೊಳೆದ ದಿನ ತೊಡೆ ತಟ್ಟಿಕೊಂಡು ತಟ್ಟಿಕೊಂಡು ಕೈ ಕೆಂಪಾಯಿತು. ಲಯ ಬಂತು, ವೇಗ ಬರಲಿಲ್ಲ. ಕೆಲಸ ಮುಗಿಸಿ ಬಂದು ದಿನಕ್ಕೆ ಮುಕ್ಕಾಲು ಗಂಟೆ ನುಡಿಸುವವನ ಬೆರಳಿಗೆ ಆ ಹಾಡಿನ ನಡುಭಾಗ ಎಟುಕುವುದಿಲ್ಲ.

ವೆಟ್ಟನ್ ಕಡೆ ನನ್ನನ್ನು ಒಯ್ದದ್ದು ಒಬ್ಬ ಡ್ರಮ್ಮರ್, ಬಿಲ್ ಬ್ರೂಫೋರ್ಡ್. 'ಕ್ಲೋಸ್ ಟು ದಿ ಎಡ್ಜ್' ಮುಗಿಸಿ 1972ರಲ್ಲಿ ಅವನು ಯೆಸ್ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ. ಸ್ಕ್ವೈರ್ ಪಕ್ಕದಲ್ಲಿದ್ದ ಅದೇ ಕೈ ಈಗ ವೆಟ್ಟನ್ ಪಕ್ಕದಲ್ಲಿ. ಇಬ್ಬರು ಬೇಸ್ ವಾದಕರನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಒಂದು ಭಾನುವಾರ ಯೆಸ್‌ನ 'ಫ್ರಜೈಲ್', 'ಕ್ಲೋಸ್ ಟು ದಿ ಎಡ್ಜ್', ಕಿಂಗ್ ಕ್ರಿಮ್ಸನ್‌ನ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್', 'ರೆಡ್', ಈ ನಾಲ್ಕು ಆಲ್ಬಮ್‌ಗಳನ್ನೂ ಸಾಲಾಗಿ ಕೇಳಿದೆ. ಸ್ಕ್ವೈರ್ ಜೊತೆ ಬ್ರೂಫೋರ್ಡ್‌ನ ಸ್ನೇರ್ ಡ್ರಮ್ ಬೇಸಿನ ಸುತ್ತ ಓಡಾಡುತ್ತದೆ, ಬೇಸ್ ಮಾತ್ರ ಮೇಲುಮೇಲಕ್ಕೆ ಹಾಡುತ್ತ ಹೋಗುತ್ತದೆ. ವೆಟ್ಟನ್ ಜೊತೆ ಇಬ್ಬರೂ ಒಟ್ಟಿಗೇ ಮುಂದಕ್ಕೆ ನೂಕುತ್ತಾರೆ. ಕಿಂಗ್ ಕ್ರಿಮ್ಸನ್‌ನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಈ ಜೋಡಿಯನ್ನು ಹಾರುವ ಇಟ್ಟಿಗೆ ಗೋಡೆ ಎಂದು ಕರೆದದ್ದು ಸುಮ್ಮನೆ ಅಲ್ಲ.

'ರೆಡ್' 1974ರಲ್ಲಿ ಹೊರಬರುವ ಮುಂಚೆಯೇ ತಂಡ ಒಡೆದಿತ್ತು. ಅದರ ಕೊನೆಯ ಹಾಡು 'ಸ್ಟಾರ್‌ಲೆಸ್', ಹನ್ನೆರಡು ನಿಮಿಷ. ಮೊದಲು ವೆಟ್ಟನ್ ಹಾಡುತ್ತಾನೆ, ಆಗ ಬೇಸ್ ದೊಡ್ಡದೇನೂ ಮಾಡುವುದಿಲ್ಲ. ಹಾಡುವುದು ನಿಂತ ಮೇಲೆ ಹದಿಮೂರು ಎಣಿಕೆಯ ಒಂದು ಸಾಲು ಕೆಳಗಿನಿಂದ ಏಳುತ್ತದೆ. ಸಾಲು ಕಟ್ಟಿದ್ದು ಬ್ರೂಫೋರ್ಡ್, ಹೊತ್ತದ್ದು ವೆಟ್ಟನ್. ಗಿಟಾರ್ ಒಂದೇ ಸ್ವರಕ್ಕೆ ಅಂಟಿಕೊಂಡು ಇಂಚಿಂಚೇ ಮೇಲಕ್ಕೆ ಹತ್ತುತ್ತದೆ, ಬೇಸ್ ಅದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಒಂದೊಂದು ಸುತ್ತಿಗೂ ದನಿ ಸ್ವಲ್ಪ ಒರಟಾಗುತ್ತದೆ, ಕಡೆಗೆ ತಂತಿಯೇ ಹರಿದುಹೋಗುತ್ತದೇನೋ ಎನ್ನುವಷ್ಟು ಒಡೆಯುತ್ತದೆ. ನುಡಿಸುವುದು ಕಷ್ಟವೇ ಎಂದರೆ ಬೆರಳಿಗೆ ಅಲ್ಲ. ನಾಲ್ಕು, ನಾಲ್ಕು, ಐದು ಎಂದು ಎಣಿಸಿಕೊಂಡು ಒಂದೇ ಸಂಜೆಯಲ್ಲಿ ಕಲಿತೆ. ಆದರೆ ಅವಸರ ಮಾಡದೆ, ಜೋರು ಮಾಡದೆ, ಐದಾರು ನಿಮಿಷ ಅದನ್ನು ಕಾಯ್ದುಕೊಂಡು ಹೋಗಲು ಇನ್ನೂ ಕಲಿಯುತ್ತಿದ್ದೇನೆ. ವೆಟ್ಟನ್ 2017ರ ಜನವರಿಯಲ್ಲಿ ತೀರಿಕೊಂಡ. ಆ ಸಾಲು ನುಡಿಸುವಾಗ ಈಗಲೂ ಗಂಟಲು ಕಟ್ಟುತ್ತದೆ.

ಕಿಂಗ್ ಕ್ರಿಮ್ಸನ್‌ನಲ್ಲಿ ಅವನು ನುಡಿಸುತ್ತಿದ್ದದ್ದು ಫೆಂಡರ್ ಪ್ರಿಸಿಷನ್. ಆ ಮಾದರಿಯದು ನನಗೆ 12 ಸಾವಿರಕ್ಕೆ ಸಿಕ್ಕಿತು. ತೋಳು ಕೂರುವ ಕಡೆ ಮರವನ್ನು ಇಳಿಜಾರಾಗಿ ಕೆತ್ತಿದ್ದಾರೆ, ಈ ಸಲ ಕೂತೇ ನೋಡಿದೆ. ಒಂದೇ ಪಿಕಪ್, ಎರಡು ಗುಬುಟು. ಎಂಟು ತಿಂಗಳ ಹಳೆಯ ತಂತಿ ಇನ್ನೂ ಅದರಲ್ಲೇ ಇದೆ. ದನಿ ಒರಟು ಮಾಡುವ ಸಣ್ಣ ಓವರ್‌ಡ್ರೈವ್ ಪೆಡಲ್ ಸೇರಿಸಿದರೆ ಆ ಒಡಕು ದನಿಗೆ ಮಂಕು ತಂತಿಯೇ ಚೆನ್ನ. ಬಾಡಿಗೆ ಮನೆ, ರಾತ್ರಿ ಒಂಬತ್ತರ ಮೇಲೆ ಹೆಡ್‌ಫೋನ್, ತಿಂಗಳಿಗೆ ತಂತಿಗೆಂದು ಎತ್ತಿಡಲು ಕಾಸಿಲ್ಲ: ಈ ಮೂರೂ ನಿಮಗಿದ್ದರೆ ವೆಟ್ಟನ್‌ನಿಂದ ಶುರುಮಾಡಿ. ಪಿಕ್ ರೂಢಿಯಿದ್ದು, ಜೋರಾಗಿ ನುಡಿಸಲು ಜಾಗವಿದ್ದು, ಖರ್ಚಿಗೂ ತಯಾರಿದ್ದರೆ ಸ್ಕ್ವೈರ್. ದಿನಕ್ಕೆ ಮೂರು ಗಂಟೆ ಬಿಡುವಿರುವ ಹುಡುಗರಿಗೆ ಗೆಡ್ಡಿ ಲೀ.

ಹಳೆಯದನ್ನು 9 ಸಾವಿರಕ್ಕೆ ಒಬ್ಬ ಕಾಲೇಜು ಹುಡುಗನಿಗೆ ಕೊಟ್ಟೆ. ಅಂಚಿನ ವಿಷಯ, ಗುಂಡಿಯ ವಿಷಯ ಎಲ್ಲ ಮೊದಲೇ ಹೇಳಿದೆ. ಅವನು ಪಿಕ್ ಹಿಡಿಯುವವನು, ನಿಂತೇ ನುಡಿಸುವವನು. "ಆ ಮುಚ್ಚಳಾನೂ ಇದ್ರೆ ಕೊಡಿ ಅಣ್ಣಾ" ಅಂದ. ಹುಡುಕಿ ಒರೆಸಿ ಕೊಟ್ಟೆ.