ಮಾಟುಂಗಾದ ನಾಚಣಿ ಸತ್ವ, ಮೊಳಕೆ ರಾಗಿ ಹಿಟ್ಟು: ಮಗುವಿಗೆ ಯಾವುದು?

ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕಿರುವ ದಕ್ಷಿಣದ ದಿನಸಿ ಅಂಗಡಿಗಳಲ್ಲಿ ಮಕ್ಕಳ ಮಣ್ಣಿಗೆಂದು, ಅಂದರೆ ಕಾಯಿಸಿ ಉಣಿಸುವ ಗಂಜಿಗೆಂದು, ಎರಡು ಪುಡಿ ಸಿಗುತ್ತವೆ. ಒಂದು ನಾಚಣಿ (ರಾಗಿಯ ಮರಾಠಿ ಹೆಸರು) ಸತ್ವ, ಇನ್ನೊಂದು ಮೊಳಕೆ ರಾಗಿ ಹಿಟ್ಟು. ಎರಡೂ ಒಂದೇ ಅಂದುಕೊಂಡು ಒಯ್ಯುವವರೇ ಹೆಚ್ಚು.

ಸತ್ವವೆಂದರೆ ರಾಗಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತದ್ದನ್ನು ಒಣಗಿಸಿದ ಪುಡಿ. ಬಿಳಿಚು, ನುಣುಪು; ಆರು ತಿಂಗಳು ತುಂಬಿ ಆಗಷ್ಟೇ ಉಣ್ಣಲು ಕಲಿಯುವ ಕೂಸಿಗೆ ಹಿತ. ಆದರೆ ರಾಗಿಯ ಕ್ಯಾಲ್ಸಿಯಂ ಹೆಚ್ಚಿನ ಪಾಲು ಇರುವುದು ಸಿಪ್ಪೆಯಲ್ಲಿ. ಆ ಸಿಪ್ಪೆ ಸೋಸುವ ಬಟ್ಟೆಯಲ್ಲೇ ಉಳಿಯುತ್ತದೆ. ವರ್ಷ ದಾಟಿದ ಮಗುವಿಗೆ ಸತ್ವಕ್ಕೆ ದುಡ್ಡು ಸುರಿಯಬೇಕಿಲ್ಲ, ಹಿಟ್ಟೇ ಸರಿ.

ಹಿಟ್ಟು ನಿಜಕ್ಕೂ ಮೊಳಕೆಯದೇ? ಚಿಟಿಕೆ ನಾಲಗೆಗೆ ಹಚ್ಚಿದರೆ ತುಸು ಸಿಹಿ ತಾಗಬೇಕು. ಒಂದು ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಕದಡಿ, ಕೈಬಿಡದೆ ಕುದಿಸಿ ನೋಡಿ. ಬರೀ ರಾಗಿಯಾದರೆ ಬೇಗ ಗಟ್ಟಿಯಾಗುತ್ತದೆ, ಮೊಳಕೆಯದು ತೆಳ್ಳಗೇ ಉಳಿಯುತ್ತದೆ. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೀಗೆ. ‘ಕಲಬೆರಕೆ, ಗಟ್ಟಿಯೇ ಆಗಲಿಲ್ಲ’ ಎಂದು ಅಂಗಡಿಯವನ ಮೇಲೆ ರೇಗುವವರು ಒಳ್ಳೆಯ ಮಾಲನ್ನೇ ಹಳಿಯುತ್ತಿದ್ದಾರೆ! ತೆಳ್ಳಗಿರುವುದೇ ಲಾಭ: ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು.

ಪೊಟ್ಟಣದ ಮೇಲಿನ ಹೊಗಳಿಕೆಯನ್ನು ಮಾತ್ರ ಪೂರ್ತಿ ನಂಬಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಸರಿ. ಮಗು ಒಂದು ಹೊತ್ತಿಗೆ ಉಣ್ಣುವುದು 20 ಗ್ರಾಂ, ಅಂದರೆ 70 ಮಿ.ಗ್ರಾಂ. 1ರಿಂದ 3 ವರ್ಷದವರಿಗೆ ಬೇಕಾದದ್ದು ದಿನಕ್ಕೆ 500. ಕಬ್ಬಿಣ 8 ಮಿ.ಗ್ರಾಂ ಬೇಕು, ಇದರಲ್ಲಿ 1 ಮಿ.ಗ್ರಾಂ ಕೂಡ ಬರುವುದಿಲ್ಲ. ಕಬ್ಬಿಣಕ್ಕೆಂದು ಬೆಲ್ಲ ಹೆಚ್ಚು ಹಾಕಿದರೆ ಏರುವುದು ಸಿಹಿಯೇ. ಡಿ ಮತ್ತು ಬಿ12 ವಿಟಮಿನ್‌ಗೂ ರಾಗಿಯನ್ನು ನೆಚ್ಚುವಂತಿಲ್ಲ.

ಕಬ್ಬಿಣ ಮೈಗೆ ಹತ್ತಬೇಕಾದರೆ ಮಣ್ಣಿಯನ್ನು ನೀರಲ್ಲೇ ಕಾಯಿಸಿ, ಜೊತೆಗೆ ಮೋಸಂಬಿಯ ನಾಲ್ಕು ತೊಳೆ ಕೊಡಿ. ಹಾಲನ್ನು ಬೇರೆ ಹೊತ್ತಿಗೆ ಇಡಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ದನದ ಹಾಲು ಕುಡಿಯುವ ಮಗುವಿಗೆ ಬೇರೆ ಊಟ ಸೇರದು, ರಕ್ತಹೀನತೆ ಅಲ್ಲಿಂದಲೇ ಶುರು. 6 ತಿಂಗಳಿಂದ 5 ವರ್ಷದವರಿಗೆ ಸರ್ಕಾರ ವಾರಕ್ಕೆರಡು ಬಾರಿ ಕೊಡುವ 1 ಮಿ.ಲೀ. ಸಿರಪ್ಪಿನಲ್ಲೇ 20 ಮಿ.ಗ್ರಾಂ ಕಬ್ಬಿಣವಿದೆ.

ಬಾದಾಮಿ, ಕೋಕೋ ಬೆರೆಸಿದ ಡಬ್ಬಗಳೂ ಅದೇ ಕಪಾಟಿನಲ್ಲಿವೆ. ಹಿಂಬದಿಯ ಸಾಮಗ್ರಿಗಳ ಪಟ್ಟಿ ಓದಿ, ಸಕ್ಕರೆ ಮೊದಲ ಮೂರರಲ್ಲಿದ್ದರೆ ಅಲ್ಲೇ ಬಿಡಿ.

ಮುಂಬಯಿ ಮಳೆಗಾಲದಲ್ಲಿ ಕಾಲು ಕಿಲೋ ಮೀರಿ ಒಯ್ಯಬೇಡಿ. ತೇವ ಹಿಡಿದು ಗಂಟಾದ, ಮುಗ್ಗು ವಾಸನೆಯ ಹಿಟ್ಟನ್ನು ಹುರಿದು ಉಳಿಸಿಕೊಳ್ಳುವ ಆಸೆ ಬೇಡ.