ಲೈಟ್‌ವೇಟ್ ಫ್ಲೈವೀಲ್ ಹಾಕಿಸೋಕೆ ಮುಂಚೆ ಓದಿ, ಲೇತಲ್ಲಿ ಕೊರೆದ ಪೀಸಾದ್ರೆ ಗಾಡಿ ಹತ್ರಾನೂ ತರ್ಬೇಡಿ

ದಿನಾ ಆಫೀಸಿಗೆ ಓಡಿಸೋ ಕಾರಿಗೆ ಲೈಟ್‌ವೇಟ್ ಫ್ಲೈವೀಲ್ ಹಾಕಿಸೋಣ ಅಂತ ಯೋಚ್ನೆ ಮಾಡ್ತಿರೋರಿಗೆ ಇದನ್ನ ಬರೀತಿದೀನಿ. ಫ್ಲೈವೀಲ್ ಅಂದ್ರೆ ಇಂಜಿನ್ನಿಗೂ ಕ್ಲಚ್ಚಿಗೂ ನಡುವೆ ತಿರುಗೋ ಭಾರವಾದ ಲೋಹದ ಚಕ್ರ, ಲೈಟ್‌ವೇಟ್ ಅಂದ್ರೆ ಅದನ್ನೇ ಹಗುರ ಮಾಡಿದ್ದು. ನಂದು ಹಳೇ ಹೋಂಡಾ ಸಿಟಿ 1.5 ವಿಟೆಕ್, ಇವತ್ತಿಗೂ ಬೆಂಗಳೂರಲ್ಲಿ ಈ ಗಾಡಿನ ಮಗು ಥರ ನೋಡ್ಕೊಳ್ಳೋರು ಬೇಕಾದಷ್ಟು ಜನ ಇದಾರೆ. ಕ್ಲಚ್ ಬದಲಾಯ್ಸೋಕೆ ಗರಾಜಿಗೆ ಬಿಟ್ಟಿದ್ದೆ, ಅವ್ರು "ಹೆಂಗಿದ್ರೂ ಗೇರ್‌ಬಾಕ್ಸ್ ಇಳಿಸ್ತೀವಲ್ಲ ಸರ್, ಲೈಟ್‌ವೇಟ್ ಫ್ಲೈವೀಲ್ ಹಾಕಿಸ್ಬಿಡಿ, ಆಮೇಲೆ ಪಿಕಪ್ ನೋಡಿ" ಅಂದ್ರು. ಕ್ರೋಮೋಲಿ ಸ್ಟೀಲಾ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಸ್ಟೀಲು) ಅಂತ ಬಿಡಿಸಿ ಕೇಳ್ದೆ, ಹೌದು ಸರ್ ಇಂಪೋರ್ಟೆಡ್ ಪೀಸು ಅಂದ್ರು. ಬಿಲ್ಲಲ್ಲಿ ಮಾತ್ರ ಬರೀ ಲೈಟ್‌ವೇಟ್ ಫ್ಲೈವೀಲ್ ಅಂತ ಇತ್ತು, ಕಂಪನಿ ಹೆಸರಿಲ್ಲ, ಪಾರ್ಟ್ ನಂಬರ್ ಇಲ್ಲ. ಗರಾಜ್ ಯಾವ್ದು ಅಂತ ಇಲ್ಲಿ ಹೇಳಲ್ಲ, ಯಾಕಂದ್ರೆ ಇದೇ ಕೆಲ್ಸ ಮಾಡೋರು ಅವ್ರೊಬ್ರೇ ಅಲ್ಲ.

ಗಾಡಿ ತಗೊಂಡ ದಿನ ಎಲ್ರಿಗೂ ಖುಷಿ ಆಗತ್ತೆ, ಅದಕ್ಕೇ ಈ ಪಾರ್ಟು ಇಷ್ಟು ಮಾರಾಟ ಆಗೋದು. ನ್ಯೂಟ್ರಲ್ಲಲ್ಲಿ ಆಕ್ಸಿಲರೇಟರ್ ಮುಟ್ಟಿದ್ರೆ ಸಾಕು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋ ಲೆಕ್ಕ) ಮುಳ್ಳು ಸರಕ್ ಅಂತ ಮೇಲೆ ಹೋಗತ್ತೆ, ಬಿಟ್ರೆ ಅಷ್ಟೇ ಬೇಗ ಬೀಳತ್ತೆ. ಆದ್ರೆ ನ್ಯೂಟ್ರಲ್ಲಲ್ಲಿ ಇಂಜಿನ್ ತಿರುಗಿಸ್ತಿರೋದು ತನ್ನನ್ನ ಮಾತ್ರ, ರೋಡಲ್ಲಿ ಅದು ಒಂದು ಟನ್ ಗಾಡಿನ ಎಳೀಬೇಕು. ಒಂದು ಲೆಕ್ಕ ಹಾಕಿ ನೋಡಿ. ಫ್ಲೈವೀಲಿಂದ 3 ಕೆಜಿ ತೆಗ್ದ್ರು ಅನ್ಕೊಳ್ಳಿ, ಅದೂ ನಡುವಿಂದ ಸುಮಾರು 12 ಸೆಂಟಿಮೀಟರ್ ದೂರದಿಂದ. ಫಸ್ಟ್ ಗೇರ್ ಮತ್ತೆ ಫೈನಲ್ ಡ್ರೈವ್ ಸೇರಿ 13.5ರ ಹತ್ರ ರೇಶಿಯೋ (ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಇಂಜಿನ್ 13.5 ಸುತ್ತು), ಟೈರ್ ರೇಡಿಯಸ್ 28 ಸೆಂಟಿಮೀಟರ್ ಇರೋ ಗಾಡಿಲಿ ಇದು ಫಸ್ಟ್ ಗೇರಲ್ಲಿ 100 ಕೆಜಿ ಕಮ್ಮಿ ಆದಂಗೆ. ಕೇಳೋಕೆ ಭರ್ಜರಿಯಾಗಿದೆ ಅಲ್ವಾ, ಆದ್ರೆ ಆ ರೇಶಿಯೋ ವರ್ಗ ಆಗಿ ಲೆಕ್ಕಕ್ಕೆ ಬರೋದ್ರಿಂದ ಸೆಕೆಂಡಲ್ಲಿ ಅದೇ ಲಾಭ 30 ಚಿಲ್ಲರೆ ಕೆಜಿಗೆ ಇಳಿಯತ್ತೆ, ಥರ್ಡಲ್ಲಿ 13, ಫಿಫ್ತಲ್ಲಿ 5 ಕೆಜಿ ಅಷ್ಟೆ. ಡಿಕ್ಕಿಲಿರೋ ಸ್ಟೆಪ್ನಿ ತೆಗ್ದ್ರೆ ಅದಕ್ಕಿಂತ ಜಾಸ್ತಿ ಕಮ್ಮಿ ಆಗತ್ತೆ! ಲಾರಿ ಓವರ್‌ಟೇಕ್ ಮಾಡೋವಾಗ ಥರ್ಡ್, ಫೋರ್ತಲ್ಲಿ ನಮಗೆ ಬೇಕಾಗಿರೋ ಪವರ್ ಇದ್ರಿಂದ ಬರಲ್ಲ, ಫ್ಲೈವೀಲ್ ಹಗುರ ಮಾಡಿದ್ರೆ ಇಂಜಿನ್ ಒಂದು ಎಚ್‌ಪಿನೂ ಜಾಸ್ತಿ ಕೊಡಲ್ಲ.

ಅದಕ್ಕೆ ಕೊಡೋ ಬೆಲೆ ಮಾತ್ರ ದಿನಾ ಕೊಡ್ತಾನೇ ಇರ್ಬೇಕು. ನಾಲ್ಕು ಸಿಲಿಂಡರ್ ಇಂಜಿನ್ 750 ಆರ್‌ಪಿಎಂ ಐಡಲಲ್ಲಿ ಸೆಕೆಂಡಿಗೆ 25 ಸಲ ಫೈರ್ ಆಗತ್ತೆ, ಆ ಒಂದೊಂದು ಏಟಿನ ನಡುವೆ ಕ್ರ್ಯಾಂಕನ್ನ (ಪಿಸ್ಟನ್ನುಗಳು ತಿರುಗಿಸೋ ಇಂಜಿನ್ನಿನ ಮುಖ್ಯ ಶಾಫ್ಟು) ತಿರುಗಿಸ್ಕೊಂಡು ಹೋಗೋದೇ ಫ್ಲೈವೀಲ್ ತೂಕ. ಅದನ್ನ ಕಮ್ಮಿ ಮಾಡಿದ್ಮೇಲೆ ಸಿಗ್ನಲಲ್ಲಿ ನಿಂತಾಗ ಸ್ಟೀರಿಂಗ್ ನಡುಗತ್ತೆ, ಎಸಿ ಕಂಪ್ರೆಸರ್ ಟಕ್ ಅಂತ ಆನ್ ಆದ ತಕ್ಷಣ ಇಂಜಿನ್ ಆಫ್ ಆಗೋ ಹಂಗೆ ಕುಗ್ಗತ್ತೆ. ಸಿಲ್ಕ್ ಬೋರ್ಡ್ ಕಡೆ ಸಂಜೆ ಹೊತ್ತು ಹೋಗೋರಿಗೆ ಗೊತ್ತು, ಅಲ್ಲಿ ಆಕ್ಸಿಲರೇಟರ್ ಕೊಡ್ದೆ ಬರೀ ಕ್ಲಚ್ಚಲ್ಲೇ ಗಾಡಿ ಮುಂದೆ ತಳ್ತಿರ್ತೀವಿ, ಹಗುರ ಫ್ಲೈವೀಲಲ್ಲಿ ಹಂಗೆ ಮಾಡೋದು ಕಷ್ಟ, ಪ್ರತಿ ಸಲ ಆರ್‌ಪಿಎಂ ಏರಿಸಿ ಕ್ಲಚ್ ಜಾರಿಸ್ಬೇಕು, ಫ್ಲೈಓವರ್ ಏರಲ್ಲಿ ನಿಲ್ಲಿಸಿ ಎತ್ತೋವಾಗ ಇನ್ನೂ ಜಾಸ್ತಿ. ಕ್ಲಚ್ ಜಾರಿದ್ರೆ ಹುಟ್ಟೋ ಶಾಖದಲ್ಲಿ ದೊಡ್ಡ ಪಾಲು ಕುಡಿಯೋದು ಅದೇ ಫ್ಲೈವೀಲ್ ಲೋಹ. ಅಂದ್ರೆ ಒಂದು ಕಡೆ ಶಾಖ ಜಾಸ್ತಿ ಮಾಡ್ತೀವಿ, ಇನ್ನೊಂದು ಕಡೆ ಅದನ್ನ ತಡ್ಕೊಳ್ಳೋ ಲೋಹನೇ ಕಮ್ಮಿ ಮಾಡ್ತೀವಿ. ನಮ್ಮ ಊರಿನ ಟ್ರಾಫಿಕ್ಕಲ್ಲಿ ಈ ಪಾರ್ಟ್ ಸೋಲೋದು ಇಲ್ಲೇ, ಇದನ್ನ ಮಾರೋರು ಯಾರೂ ಹೇಳಲ್ಲ.

ನನ್ನ ಗಾಡಿಲಿ ಇದು ಪೂರ್ತಿ ಬಯಲಾಗಿದ್ದು ಮಂಗಳೂರಿಂದ ವಾಪಸ್ ಬರೋವಾಗ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ್ರೆ ಮುಂದೆ ಟ್ಯಾಂಕರ್, ಲಾರಿ ಸಾಲು, ಹತ್ತು ಮೀಟರ್ ಹೋಗೋದು ನಿಲ್ಲೋದು, ಸುಟ್ಟ ವಾಸನೆ, ಆಮೇಲೆ ಆರ್‌ಪಿಎಂ ಏರತ್ತೆ ಗಾಡಿ ಏರಲ್ಲ. ಹಿಂದಿನ ಸೀಟಲ್ಲಿ ಅಮ್ಮ ಇದ್ರು, ತಿರುವಲ್ಲಿ ಗಾಡಿ ನಿಂತೋಗಿದೆ, ಹಿಂದಿಂದ ಬಸ್ಸುಗಳು ಹಾರ್ನ್ ಹೊಡೀತಿದಾವೆ. ಟೋ ಮಾಡಿಸ್ಕೊಂಡು ಹಾಸನಕ್ಕೆ ತಂದು ಅಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ರ ಹತ್ರ ಬಿಚ್ಚಿಸಿದ್ವಿ.

ಅವ್ರು ಫ್ಲೈವೀಲ್ ಕೈಗೆ ತಗೊಂಡು ತಿರುಗಿಸಿ ನೋಡಿ "ಇದು ಹೊಸದಲ್ಲ ಸಾರ್, ನಿಮ್ದೇ ಹಳೇದನ್ನ ಲೇತಿಗೆ ಹಾಕವ್ರೆ" ಅಂದ್ರು. ಹಿಂಭಾಗದಲ್ಲಿ ಲೇತ್ ಟೂಲಿನ ಗೆರೆಗಳು ಹಂಗೇ ಇದಾವೆ, ಕಂಪನಿ ಅಚ್ಚು ಅರ್ಧ ಸವೆದಿದೆ. ಅಂಚಲ್ಲಿ ಸಣ್ಣ ಡ್ರಿಲ್ ಹಾಕಿ ತೋರ್ಸಿದ್ರು, ಸ್ಟೀಲ್ ಆಗಿದ್ರೆ ಸುರುಳಿ ಸುರುಳಿಯಾಗಿ ಬರ್ಬೇಕಿತ್ತು, ಇಲ್ಲಿ ಬಂದಿದ್ದು ಕಪ್ಪು ಪುಡಿ. ಎರಕದ ಕಬ್ಬಿಣ, ಕಾಸ್ಟ್ ಐರನ್. ಕ್ಲಚ್ ಪ್ಲೇಟ್ ಕೂರೋ ಮುಖದ ತುಂಬ ಶಾಖಕ್ಕೆ ಎದ್ದ ನೀಲಿ ಕಲೆಗಳು, ಕ್ರ್ಯಾಂಕ್ ಬೋಲ್ಟ್ ತೂತುಗಳ ಹತ್ರ ಕೂದಲೆಳೆ ಥರ ಬಿರುಕು, ಕ್ಲಚ್ ಪ್ಲೇಟನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟನ್ನ ಸರಿಯಾದ ಜಾಗದಲ್ಲಿ ಕೂರಿಸೋ ಡೋವೆಲ್ ಪಿನ್ ಒಂದು ಇಲ್ವೇ ಇಲ್ಲ, ಕೊರೆದ್ಮೇಲೆ ಬ್ಯಾಲೆನ್ಸ್ ಮಾಡಿದ ಗುರುತೂ ಇಲ್ಲ.

ಆ ಬಿರುಕು ನೋಡಿ ನನಗೆ ಕೈಕಾಲು ತಣ್ಣಗಾಯ್ತು, ಯಾಕೆ ಅಂತ ಹೇಳ್ತೀನಿ. ಈ ಇಂಜಿನನ್ನ 6500 ಆರ್‌ಪಿಎಂಗೆ ಎಳೆದ್ರೆ 13 ಸೆಂಟಿಮೀಟರ್ ರೇಡಿಯಸ್ ಇರೋ ಫ್ಲೈವೀಲಿನ ಅಂಚು ಗಂಟೆಗೆ 300 ಕಿಮೀಗಿಂತ ಜೋರಾಗಿ ತಿರುಗ್ತಿರತ್ತೆ. ಹೊರಕ್ಕೆ ಕಿತ್ಕೊಂಡು ಹೋಗೋ ಬಲ ಆರ್‌ಪಿಎಂ ಎರಡರಷ್ಟಾದ್ರೆ ನಾಲ್ಕರಷ್ಟಾಗತ್ತೆ. ಎರಕದ ಕಬ್ಬಿಣ ಒತ್ತಿದ್ರೆ ಗಟ್ಟಿ, ಎಳೆದ್ರೆ ಬಾಗಲ್ಲ, ಹೇಳ್ದೆ ಕೇಳ್ದೆ ಒಡೆಯತ್ತೆ. ಒಡೆದ್ರೆ ಅದನ್ನ ಮುಚ್ಚಿರೋ ಅಲ್ಯೂಮಿನಿಯಂ ಕವಚ, ಅಂದ್ರೆ ಬೆಲ್‌ಹೌಸಿಂಗ್, ತಡೆಯಲ್ಲ, ಅಲ್ಲಿಂದ ಆಚೆಗೆ ಬ್ರೇಕ್ ಪೈಪು, ಇಂಜಿನ್ನಿಗೂ ನಮಗೂ ನಡುವೆ ಇರೋ ಫೈರ್‌ವಾಲ್ ತಗಡು, ಅದರ ಹಿಂದೆ ನಮ್ಮ ಕಾಲು. ರೇಸಿಂಗಲ್ಲಿ ಫ್ಲೈವೀಲಿಗೆ ಎಸ್‌ಎಫ್‌ಐ 1.1 ಅಂತ ಸುರಕ್ಷತೆ ಸರ್ಟಿಫಿಕೇಟ್ ಇಟ್ಟಿರೋದು ಸುಮ್ನೆ ಅಲ್ಲ. ಇನ್ನೊಂದು, ಲೇತಿನೋರು ಲೋಹ ತೆಗೆಯೋದು ಸುಲಭ ಅಂತ ನಡುಭಾಗದಲ್ಲಿ ಕೊರೀತಾರೆ, 6 ಸೆಂಟಿಮೀಟರ್ ದೂರದಲ್ಲಿ ತೆಗೆದ ಲೋಹದಿಂದ 12ರಲ್ಲಿ ತೆಗೆದಿದ್ದರ ಕಾಲು ಭಾಗ ಲಾಭ ಅಷ್ಟೇ ಬರತ್ತೆ, ಬೋಲ್ಟ್ ಸುತ್ತ ಇರ್ಬೇಕಾದ ಬಲ ಮಾತ್ರ ಹೋಗತ್ತೆ.

ನನ್ನ ಒರಿಜಿನಲ್ ಫ್ಲೈವೀಲನ್ನೇ ಕೊರೆದಿದ್ರಿಂದ ವಾಪಸ್ ಹಾಕೋಕೆ ಏನೂ ಇರ್ಲಿಲ್ಲ. ಶಿವಾಜಿನಗರ ಗುಜರಿಲಿ ಹುಡುಕಿ ಸ್ಟಾಕ್ ಪೀಸ್ ತಂದು, ಮುಖ ಮಾತ್ರ ಸರ್ಫೇಸ್ ಮಾಡಿಸಿ, ಹೊಸ ಕ್ಲಚ್ ಸೆಟ್, ಹೊಸ ಬೋಲ್ಟ್ ಹಾಕಿದ್ದಾಯ್ತು, ಗೇರ್‌ಬಾಕ್ಸ್ ಇಳಿಸೋ ಲೇಬರ್ ಮತ್ತೆ ಕೊಟ್ಟಿದ್ದೂ ಆಯ್ತು. ಗರಾಜಿನೋರು ಮೊದ್ಲು ಫೋನ್ ಎತ್ಲಿಲ್ಲ, ಎತ್ತಿದ್ಮೇಲೆ "ಎಲ್ಲಾರೂ ಹಂಗೇ ಮಾಡೋದು ಸರ್" ಅಂದ್ರು.

ಡೀಸೆಲ್ ಗಾಡಿಯೋರಿಗೂ ಒಂದು ಮಾತು. ನಿಮ್ಮ ಗಾಡಿಲಿ ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ಭಾಗದ್ದು, ನಡುವೆ ಸ್ಪ್ರಿಂಗ್ ಇರೋದು) ಇದ್ರೆ ಅದರೊಳಗಿನ ಸ್ಪ್ರಿಂಗುಗಳು ಡೀಸೆಲಿನ ಏಟನ್ನ ನುಂಗ್ತಿರ್ತಾವೆ. ದುಬಾರಿ ಅಂತ ಅದನ್ನ ತೆಗ್ಸಿ ಹಗುರದ ಸಾಲಿಡ್ ಫ್ಲೈವೀಲ್ ಹಾಕಿದ್ರೆ ಆ ಏಟೆಲ್ಲ ಗೇರ್‌ಬಾಕ್ಸಿಗೆ ಹೋಗತ್ತೆ, ಐಡಲಲ್ಲಿ ಕಟಕಟ ಶಬ್ದ ಶುರುವಾದ್ರೆ ಅದೇ.

ಟ್ರ್ಯಾಕಿಗೆ ಅಂತಾನೇ ಗಾಡಿ ಇಟ್ಟಿರೋರಿಗೆ, ಚೆನ್ನೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗೋರಿಗೆ ಇದರ ಉಪಯೋಗ ನಿಜವಾಗ್ಲೂ ಇದೆ, ಗೇರ್ ಇಳಿಸೋವಾಗ ಆರ್‌ಪಿಎಂನ ಆ ಗೇರಿಗೆ ಹೊಂದಿಸೋಕೆ (ರೆವ್ ಮ್ಯಾಚ್) ಚೆನ್ನಾಗಿರತ್ತೆ. ರೋಡ್ ಗಾಡಿಗೂ ಬೇಕೇ ಬೇಕು ಅಂತಿದ್ರೆ ಒಂದೇ ಗಟ್ಟಿ ಸ್ಟೀಲ್ ತುಂಡಿಂದ (ಬಿಲ್ಲೆಟ್) ಕೆತ್ತಿ ಮಾಡಿದ್ದು, ಸ್ಟಾಕಿಗಿಂತ ಸ್ವಲ್ಪ ಮಾತ್ರ ಹಗುರ ಇರೋದು ತಗೊಳ್ಳಿ. ಡಬ್ಬಿ ನಿಮ್ಮ ಮುಂದೆನೇ ತೆಗೀಲಿ, ಪಾರ್ಟ್ ನಂಬರ್ ಬಿಲ್ಲಲ್ಲಿ ಬರ್ಲಿ, ಹಾಕೋ ಮುಂಚೆ ತಕ್ಕಡಿಲಿ ಇಟ್ಟು ಫೋಟೋ ತೆಗೀರಿ. ಕೆಲವು ಗಾಡಿಲಿ ಕ್ರ್ಯಾಂಕ್ ಸೆನ್ಸರ್ ಓದೋ ಹಲ್ಲುಗಳು ಫ್ಲೈವೀಲ್ ಮೇಲೇ ಇರ್ತಾವೆ, ಅದು ಹೊಂದದೆ ಇದ್ರೆ ಗಾಡಿ ಸ್ಟಾರ್ಟೇ ಆಗಲ್ಲ, ಅದನ್ನೂ ಮೊದ್ಲೇ ಕೇಳಿ. ನಿಮ್ಮ ಹಳೇ ಫ್ಲೈವೀಲನ್ನ ಮನೆಗೆ ತಗೊಂಡು ಬನ್ನಿ, ಅವ್ರು ಕೊಡೋಕೆ ಹಿಂದೆಮುಂದೆ ನೋಡಿದ್ರೆ ಒಳಗೆ ಏನು ಹಾಕಿದಾರೆ ಅಂತ ಅಲ್ಲೇ ಗೊತ್ತಾಗತ್ತೆ.

ಈಗಾಗ್ಲೇ ಇಂಥ ಕಡೆ ಹಾಕಿಸ್ಕೊಂಡು ಹಳೇ ಪೀಸ್ ಕೈಗೆ ಬರದೇ ಇದ್ದೋರು ದಯವಿಟ್ಟು ಗಾಡಿನ ರೆಡ್‌ಲೈನ್ (ಆರ್‌ಪಿಎಂ ಮೀಟರಿನ ಕೆಂಪು ಗುರುತು) ಹತ್ರ ಎಳೀಬೇಡಿ, ಮುಂದಿನ ಲಾಂಗ್ ಟ್ರಿಪ್ಪಿಗೆ ಮುಂಚೆ ಬೇರೆ ಮೆಕ್ಯಾನಿಕ್ ಹತ್ರ ಗೇರ್‌ಬಾಕ್ಸ್ ಇಳಿಸಿ, ಬೋಲ್ಟ್ ತೂತುಗಳ ಸುತ್ತ ಬಿರುಕು ಇದ್ಯಾ ಅಂತ ನೋಡಿಸಿ.